ಬಯಲುಸೀಮೆ ಹಿತ್ತಲಿನ ಒಂದು ವರ್ಷ: ಮಳೆ, ಗಾಳಿ, ನೆರಳು ನೋಡಿ ತೋಟ ಮಾಡುವುದು ಹೇಗೆ?

ಜೂನ್ ಬಂತು, ಮಳೆಗಾಲ ಶುರು, ಗಿಡ ನೆಡಿ. ಎಲ್ಲ ಕಡೆ ಸಿಗುವ ಸಲಹೆ ಇದೇ. ಮಲೆನಾಡಿಗೆ ಇದು ಸರಿ. ಚಿತ್ರದುರ್ಗಕ್ಕೆ ಸರಿಯಲ್ಲ.

ನಮ್ಮಲ್ಲಿ ಜೂನ್, ಜುಲೈ ಅಂದರೆ ಮಳೆಗಿಂತ ಗಾಳಿ ಜಾಸ್ತಿ. ಮೋಡ ತಲೆ ಮೇಲೆಯೇ ಓಡುತ್ತದೆ, ನಾಲ್ಕು ಹನಿ ಉದುರಿಸಿ ಮುಂದೆ ಹೋಗುತ್ತದೆ. ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550ರಿಂದ 600 ಮಿಲಿಮೀಟರ್ ಆಸುಪಾಸು. ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಇದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅದೂ ಸೆಪ್ಟೆಂಬರ್‌ನಲ್ಲೇ.

ಹಾಗಾಗಿ ನಮ್ಮ ಹಿತ್ತಲಿಗೆ ಮೂರು ಕಾಲ ಅಲ್ಲ, ಐದು ಕಾಲ. ಬೇಸಿಗೆ, ಗುಡುಗು ಮಳೆ, ಗಾಳಿ ಕಾಲ, ದೊಡ್ಡ ಮಳೆ, ಚಳಿ. ಈ ಐದನ್ನೂ ತಾರೀಖು ನೋಡಿ ಅಲ್ಲ, ಗಿಡ ನೋಡಿ ಗುರುತಿಸಬೇಕು. ಅದನ್ನು ಹೇಗೆ ಗುರುತಿಸುವುದು, ಯಾವಾಗ ಏನು ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ. ದಾವಣಗೆರೆ, ಹರಿಹರದವರಿಗೂ ಬಹುಪಾಲು ಇದೇ ಲೆಕ್ಕ ನಡೆಯುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆ ಮಾತ್ರ ಮುಂಗಾರು ಚೆನ್ನಾಗಿರುತ್ತದೆ, ಅಲ್ಲಿ ಜುಲೈನಲ್ಲೇ ನಾಟಿ ಮಾಡಬಹುದು.

ಹಂತ 1: ಮೊದಲು ನೆರಳು ಎಲ್ಲಿ ಬೀಳುತ್ತದೆ ನೋಡಿ

ಗಿಡ ತರುವ ಮುಂಚೆ ಮಾಡಬೇಕಾದ ಕೆಲಸ ಇದು. ಖರ್ಚು ಏನೂ ಇಲ್ಲ, ಒಂದು ಸೀಮೆಸುಣ್ಣ ಸಾಕು.

ನಾವು ಇರುವುದು ಭೂಮಧ್ಯರೇಖೆಯಿಂದ 14 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಂದು ಸಲ, ಆಗಸ್ಟ್ ನಡುವೆ ಇನ್ನೊಂದು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆ ಎರಡರ ನಡುವಿನ ಮೂರೂವರೆ ತಿಂಗಳು ಅವನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಇದರಿಂದ ಏನಾಗುತ್ತದೆ ಅಂದರೆ, ವರ್ಷದ ಬಹುಪಾಲು ನೆರಳಲ್ಲೇ ಇರುವ ಮನೆಯ ಉತ್ತರದ ಗೋಡೆಗೆ ಮೇ, ಜೂನ್‌ನಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ. ಅಲ್ಲಿ ನೆರಳು ಇದೆ ಅಂತ ನಂಬಿ ಇಟ್ಟ ಕ್ರೋಟನ್, ವೀಳ್ಯದೆಲೆ, ದೊಡ್ಡಪತ್ರೆ ಎಲೆಗಳು ಆಗ ಸುಟ್ಟು ಹೋಗುತ್ತವೆ.

ಡಿಸೆಂಬರ್‌ನಲ್ಲಿ ಇದಕ್ಕೆ ಉಲ್ಟಾ. ಐದು ಅಡಿ ಎತ್ತರದ ಕಾಂಪೌಂಡ್ ಗೋಡೆ ನಡು ಮಧ್ಯಾಹ್ನವೂ ಉತ್ತರಕ್ಕೆ ಹತ್ತಿರ ಹತ್ತಿರ ನಾಲ್ಕು ಅಡಿ ನೆರಳು ಚೆಲ್ಲುತ್ತದೆ. ಅದೇ ಗೋಡೆಯ ನೆರಳು ಜೂನ್ ಮಧ್ಯಾಹ್ನ ದಕ್ಷಿಣದ ಕಡೆಗೆ, ಅದೂ ಒಂದು ಅಡಿಗಿಂತ ಕಡಿಮೆ. ದಕ್ಷಿಣದ ಗೋಡೆ ಪಕ್ಕ ಟೊಮೆಟೊ ಮಡಿ ಮಾಡಿದರೆ ಚಳಿಗಾಲದಲ್ಲಿ ಗಿಡ ಬೆಳೆಯದೆ ಹಾಗೇ ನಿಂತುಬಿಡುತ್ತದೆ, ಕಾರಣ ಗೊಬ್ಬರ ಅಲ್ಲ, ಬಿಸಿಲು.

ತಿಂಗಳಿಗೆ ಒಂದು ದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12 ದಾಟಿದ ಮೇಲೆ, ಸಂಜೆ 4ಕ್ಕೆ ನೆರಳಿನ ಅಂಚಿಗೆ ಗೆರೆ ಹಾಕಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆಯೇ ರಾತ್ರಿ ಒಮ್ಮೆ ಹೊರಗೆ ಬಂದು ಬೀದಿ ದೀಪದ ಬೆಳಕು ಎಲ್ಲಿ ಬೀಳುತ್ತದೆ ನೋಡಿ. ಇದು ಯಾಕೆ ಅಂತ ಸೇವಂತಿಗೆ ಹತ್ತಿರ ಬಂದಾಗ ಹೇಳುತ್ತೇನೆ.

ಹಂತ 2: ನಿಮ್ಮ ಮನೆಯ ಮಳೆಯನ್ನು ನೀವೇ ಅಳೆಯಿರಿ

ಬಯಲುಸೀಮೆ ಮಳೆ ಒಂದು ಓಣಿಗೆ ಬಂದರೆ ಪಕ್ಕದ ಓಣಿಗೆ ಇಲ್ಲ. ಟಿವಿಯಲ್ಲಿ ಜಿಲ್ಲೆಗೆ ಮಳೆ ಅಂದರು ಅಂತ ನೀರು ನಿಲ್ಲಿಸಬೇಡಿ.

ನೇರ ಗೋಡೆ ಇರುವ ಎರಡು ಲೀಟರ್ ಬಾಟಲಿ ತಗೊಳ್ಳಿ. ಮೇಲಿನ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆ ಥರ ಬಾಯಿಗೆ ಕೂರಿಸಿ. ತಳ ಸಮ ಇರುವುದಿಲ್ಲ, ಅದಕ್ಕೆ ಸ್ವಲ್ಪ ಜಲ್ಲಿ ಹಾಕಿ, ಬಾಟಲಿ ನೇರವಾಗುವ ತನಕ ನೀರು ತುಂಬಿಸಿ, ಅಲ್ಲಿಗೆ ಸೊನ್ನೆ ಅಂತ ಗುರುತು ಮಾಡಿ. ಮೇಲಕ್ಕೆ ಸ್ಕೇಲ್ ಅಂಟಿಸಿ. ಎಷ್ಟು ಮಿಲಿಮೀಟರ್ ಏರಿತೋ ಅಷ್ಟು ಮಳೆ. ಮರ, ಗೋಡೆಯಿಂದ ದೂರ ಇಡಿ. ಪ್ರತಿ ಮಳೆ ಆದ ಮೇಲೆ ಮತ್ತೆ ಸೊನ್ನೆಗೆ ತನ್ನಿ.

ಬರೀ ಅಳತೆ ಸಾಲದು. ಮಳೆ ನಿಂತ ಮೇಲೆ ಕಳೆ ತೆಗೆಯುವ ಕುರ್ಚಿಗೆಯಿಂದ ಮಣ್ಣು ಬಗೆದು ತೇವ ಎಷ್ಟು ಆಳ ಇಳಿದಿದೆ ನೋಡಿ. ಬೇಸಿಗೆಯಲ್ಲಿ ಬೆಂದ ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟಿರುತ್ತದೆ, ಜೋರು ಮಳೆ ಬಂದರೂ ನೀರು ಹರಿದು ಚರಂಡಿಗೆ ಹೋಗುತ್ತದೆ, ಕೆಳಗೆ ಪುಡಿ ಪುಡಿ ಒಣಗಿಯೇ ಇರುತ್ತದೆ. ನಾನು ಬೀಜ ಹಾಕುವುದು ತೇವ ಒಂದು ಗೇಣು ಇಳಿದ ಮೇಲೆ ಮಾತ್ರ.

ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿ ಸುಮಾರು 93 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 1,800 ಲೀಟರ್ ದಾಟುತ್ತದೆ, ಸೋರಿ ಚೆಲ್ಲಿದ್ದು ಬಿಟ್ಟರೂ 1,500 ಲೀಟರ್ ಸಿಗುತ್ತದೆ. ಕೋಟೆ ಕಟ್ಟಿದವರು ಬಂಡೆ ಮೇಲೆ ಬಿದ್ದ ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿಕೊಂಡು ಬಂದ ಊರು ಇದು. ನಾವು ತಾರಸಿ ನೀರನ್ನು ಒಂದು ಡ್ರಮ್ಮಿಗಾದರೂ ಇಳಿಸಬೇಕು.

ಹಂತ 3: ಮಣ್ಣು ಮತ್ತು ನೀರಿನ ಗುಣ

ಕಾಲಡಿ ಇರುವುದು ಕೆಂಪು ಮಣ್ಣೋ, ಎರೆ (ಕಪ್ಪು) ಮಣ್ಣೋ ಅನ್ನುವುದರ ಮೇಲೆ ಮಡಿ ಹೇಗೆ ಮಾಡಬೇಕು ಅನ್ನುವುದು ನಿಂತಿದೆ. ಒಂದು ಅಡಿ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ. ಎರಡನೇ ಸಲದ ನೀರು ಗಂಟೆಯೊಳಗೆ ಇಂಗಿದರೆ ಅದು ಬೇಗ ಒಣಗುವ ಮಣ್ಣು, ಅಲ್ಲಿ ನೆಲಕ್ಕಿಂತ ಎರಡು ಮೂರು ಇಂಚು ತಗ್ಗಿನ ಮಡಿ ಮಾಡಿ. ಅರ್ಧ ದಿನ ಆದರೂ ನೀರು ನಿಂತಿದ್ದರೆ ಎತ್ತರದ ಮಡಿ ಬೇಕು. ಪುಸ್ತಕದಲ್ಲಿ ಎಲ್ಲರಿಗೂ ಎತ್ತರದ ಮಡಿ ಹೇಳುತ್ತಾರೆ. ನಮ್ಮ ಕೆಂಪು ಜಲ್ಲಿ ಮಣ್ಣಿನಲ್ಲಿ ಎತ್ತರದ ಮಡಿ ಮಾರ್ಚ್‌ನಲ್ಲಿ ಹಪ್ಪಳದಂತೆ ಒಣಗುತ್ತದೆ.

ಬೋರ್‌ವೆಲ್ ನೀರು ಗಡಸು ಇದ್ದರೆ ಕುಂಡದ ಅಂಚಲ್ಲಿ, ಮಣ್ಣಿನ ಮೇಲೆ ಬಿಳಿ ಪದರ ಕೂರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಇದು ಜಾಸ್ತಿ. ಕರಿಬೇವು, ನಿಂಬೆ, ಗುಲಾಬಿಯ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಅಂತ ಅರ್ಥ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಜಾಸ್ತಿ ಆದಾಗ ಬೇರಿಗೆ ಅದು ಸಿಗುವುದಿಲ್ಲ. ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಬುಡಕ್ಕೆ ಎರೆಗೊಬ್ಬರ ಕೊಡಿ. ಮೊದಲ ಒಳ್ಳೆ ಮಳೆ ನೀರು ಸಿಕ್ಕಾಗ ಕುಂಡದ ತಳದಿಂದ ಹರಿದು ಹೋಗುವಷ್ಟು ಧಾರಾಳವಾಗಿ ಹುಯ್ದು ಉಪ್ಪು ತೊಳೆಯಿರಿ.

ಹಂತ 4: ನೋಟ್‌ಬುಕ್

ಪುಟಕ್ಕೆ ಒಂದು ಮಳೆ ನಕ್ಷತ್ರ. ತಿಂಗಳ ಬದಲು ನಕ್ಷತ್ರ ಇಟ್ಟುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಹದಿನೈದು ದಿನಕ್ಕೊಮ್ಮೆ ಹಿತ್ತಲು ನಿಜವಾಗಿ ಬದಲಾಗುತ್ತದೆ, ತಿಂಗಳು ತುಂಬ ಉದ್ದವಾಯಿತು. ಜೊತೆಗೆ ಮನೆಯ ಹಿರಿಯರು ಮಾತಾಡುವುದೂ ಇದೇ ಲೆಕ್ಕದಲ್ಲಿ, ಅವರ ನೆನಪೂ ನಿಮ್ಮ ಪುಟಕ್ಕೆ ಸೇರುತ್ತದೆ. ಕ್ಯಾಲೆಂಡರ್‌ನಲ್ಲಿ ತಾರೀಖು ಇದ್ದೇ ಇರುತ್ತದೆ.

ಬರೆಯಬೇಕಾದದ್ದು ಇಷ್ಟೇ: ಮಳೆ ಎಷ್ಟು, ಯಾವ ಗಿಡ ಚಿಗುರಿತು, ಯಾವುದು ಎಲೆ ಉದುರಿಸಿತು, ಯಾವುದು ಹೂ ಬಿಟ್ಟಿತು, ಯಾವ ಹುಳ ಬಂತು, ಎಷ್ಟು ದಿನಕ್ಕೆ ನೀರು ಕೊಟ್ಟಿರಿ. ಒಂದೊಂದು ಸಾಲು ಸಾಕು.

ಬೇಸಿಗೆ: ಶಿವರಾತ್ರಿಯಿಂದ ಅಶ್ವಿನಿ ಮಳೆ ತನಕ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಅದಕ್ಕೂ ಮುಂಚೆಯೇ ಸೂಚನೆ ಸಿಗುತ್ತದೆ. ಹೊಂಗೆ, ಬೇವು ಎಲೆ ಉದುರಿಸುತ್ತವೆ. ಯುಗಾದಿ ಹೊತ್ತಿಗೆ ಹೊಂಗೆ ಹೊಸ ಎಲೆಯಲ್ಲಿ ಹೊಳೆಯುತ್ತದೆ, ಬೇವು ಹೂ ಬಿಡುತ್ತದೆ, ಕೋಗಿಲೆ ಕೂಗು ಶುರು. ದುಂಡು ಮಲ್ಲಿಗೆ ಮೊಗ್ಗು ಕಟ್ಟುತ್ತದೆ. ಉದುರಿದ ಹೊಂಗೆ ಎಲೆಯನ್ನು ಯಾರೂ ಸುಡಬೇಡಿ, ಗುಡಿಸಿ ಚೀಲಕ್ಕೆ ತುಂಬಿಸಿಡಿ, ಮುಂದಿನ ನಾಲ್ಕು ತಿಂಗಳ ಹೊದಿಕೆ ಅದೇ.

ಮೊದಲ ಕೆಲಸ ಮಣ್ಣು ಮುಚ್ಚುವುದು. ಚಳ್ಳಕೆರೆ ಎಣ್ಣೆ ಮಿಲ್ಲುಗಳಿಂದಾಗಿ ನಮ್ಮ ಕಡೆ ಶೇಂಗಾ ಹೊಟ್ಟು ಸಿಗುತ್ತದೆ, ದಾವಣಗೆರೆ ಕಡೆ ಭತ್ತದ ಹೊಟ್ಟು. ಮಡಿಗೆ ಚೆನ್ನಾಗಿ ನೀರು ಕೊಟ್ಟು ಎರಡು ಮೂರು ಇಂಚು ದಪ್ಪ ಹರಡಿ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಕೆಂಪು ಮಣ್ಣಿನಲ್ಲಿ ಒಣ ಹೊದಿಕೆಗೆ ಗೆದ್ದಲು ಬರುವುದು ಸಹಜ, ಅದಕ್ಕೆ ಹೊಟ್ಟಿನ ಕೆಳಗೆ ಒಂದೊಂದು ಹಿಡಿ ಬೇವಿನ ಹಿಂಡಿ ಚೆಲ್ಲಿ.

ನೀರಿನ ವಿಷಯದಲ್ಲಿ ಒಂದು ಮುಖ್ಯ ಮಾತು. ಮಧ್ಯಾಹ್ನ ಎರಡಕ್ಕೆ ಕುಂಬಳ, ಹೀರೆ ಎಲೆ ಜೋತು ಬಿದ್ದರೆ ಗಾಬರಿಯಾಗಿ ನೀರು ಹುಯ್ಯಬೇಡಿ. ಬೇರು ಕೊಡುವ ನೀರಿಗಿಂತ ಎಲೆಯಿಂದ ಹೋಗುವ ನೀರು ಜಾಸ್ತಿಯಾದಾಗ ಹಾಗಾಗುತ್ತದೆ, ಸಂಜೆಗೆ ತಾನೇ ನೆಟ್ಟಗಾಗುತ್ತದೆ. ಬೆಳಿಗ್ಗೆ ಆರಕ್ಕೂ ಜೋತಿದ್ದರೆ ಮಾತ್ರ ನಿಜವಾದ ಬಾಯಾರಿಕೆ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೇರಿನ ತನಕ ಇಳಿಯುವಂತೆ ಕೊಡಿ, ಬೇರು ಕೆಳಗೆ ಹೋಗುತ್ತದೆ. ಕುಂಡಗಳ ಮಾತು ಬೇರೆ, ಅವಕ್ಕೆ ದಿನಾ ಬೇಕು. ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ, ಪಶ್ಚಿಮದ ಕಡೆಗೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಬೆಳಗಿನ ಬಿಸಿಲು ತಡೆಯಬೇಡಿ.

ಈ ಬಿಸಿಲಿಗೆ ಬೆಂಡೆ, ಗೋರಿಕಾಯಿ, ಸೌತೆ, ದಂಟು, ಬಸಳೆ ಬರುತ್ತವೆ. ಮೆಂತ್ಯ, ಕೊತ್ತಂಬರಿ ಬೇಡ, ಕೊತ್ತಂಬರಿ ಚಿಗುರುವುದಕ್ಕೆ ಮುಂಚೆ ಹೂ ಬಿಟ್ಟುಬಿಡುತ್ತದೆ.

ಒಣ ಹವೆಗೆ ನುಸಿ, ಥ್ರಿಪ್ಸ್, ಹಿಟ್ಟು ತಿಗಣೆ ಹೆಚ್ಚುತ್ತವೆ. ಮೆಣಸಿನ ಗಿಡದ ಎಲೆ ಮುಟುರಿಕೊಂಡಾಗ ಅದು ಯಾವ ಕಡೆ ಮಡಚಿದೆ ನೋಡಿ. ಮೇಲಕ್ಕೆ ಮಡಚಿ ದೋಣಿಯ ಆಕಾರ ಬಂದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ನುಸಿ. ಎರಡಕ್ಕೂ ಮೊದಲು ಎಲೆಯ ಅಡಿಗೆ ನೀರನ್ನು ಜೋರಾಗಿ ಹೊಡೆಯಿರಿ. ಆಮೇಲೆ ಲೀಟರಿಗೆ 3ರಿಂದ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ದಾಸವಾಳದ ಹಿಟ್ಟು ತಿಗಣೆಗೆ ಇರುವೆಗಳು ಕಾವಲು ಇರುತ್ತವೆ, ಇರುವೆ ಸಾಲು ಕಂಡರೆ ಅದನ್ನು ಹಿಂಬಾಲಿಸಿ, ತಿಗಣೆ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮಾವು, ಸೀತಾಫಲ, ನಿಂಬೆ ನೆಡುವ ಯೋಚನೆ ಇದ್ದರೆ ಗುಂಡಿ ಈಗಲೇ ತೋಡಿ. ಎರಡು ಅಡಿ ಉದ್ದ, ಅಗಲ, ಆಳ. ಬಿಸಿಲಿಗೆ ಬಿಡಿ. ಹಳೆಯ ಕುರಿಗೊಬ್ಬರ ಮತ್ತು ಮೇಲ್ಮಣ್ಣು ಕಲಸಿ ಮೊದಲ ಮಳೆಗೆ ಮುಂಚೆ ತುಂಬಿಸಿ. ಹಸಿ ಕುರಿಗೊಬ್ಬರ ಹಾಕಬೇಡಿ, ಬೇರು ಸುಡುತ್ತದೆ.

ಗುಡುಗು ಮಳೆ: ಭರಣಿ, ಕೃತ್ತಿಕೆ, ರೋಹಿಣಿ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದ ತನಕ ಸಂಜೆ ಹೊತ್ತು ಗುಡುಗಿ, ಗಾಳಿ ಬೀಸಿ, ಒಂದೊಂದು ಸಲ ಆಲಿಕಲ್ಲು ಸಹಿತ ಬರುವ ಮಳೆ ಇದು. ಬೋಳಾಗಿ ನಿಂತಿದ್ದ ಸೀತಾಫಲ ಚಿಗುರುತ್ತದೆ. ರಾತ್ರಿ ದೀಪಕ್ಕೆ ರೆಕ್ಕೆ ಗೆದ್ದಲು ಮುತ್ತುತ್ತವೆ. ಹಿತ್ತಲಲ್ಲಿ ಕಳೆ ಒಟ್ಟಿಗೆ ಏಳುತ್ತದೆ.

ಈ ಮಳೆಗೆ ತರಕಾರಿ ಸಸಿ ನೆಟ್ಟರೆ ಕಷ್ಟ, ಯಾಕೆಂದರೆ ಹಿಂದೆಯೇ ಗಾಳಿ ಕಾಲ ಇದೆ. ಇದನ್ನು ಮಣ್ಣು ಕಟ್ಟುವುದಕ್ಕೆ ಬಳಸಿ. ಕಳೆ ಏಳಲು ಬಿಡಿ, ಎರಡು ಎಲೆ ಬಂದಾಗ ಬಿಸಿಲಿರುವ ದಿನ ಮೇಲೆ ಮೇಲೆ ಹರಗಿ. ಇನ್ನೊಂದು ಮಳೆಗೆ ಮತ್ತೆ ಏಳುತ್ತದೆ, ಮತ್ತೆ ಹರಗಿ. ಸೆಪ್ಟೆಂಬರ್‌ನಲ್ಲಿ ನಿಮಗೆ ಅರ್ಧ ಕೆಲಸ ಉಳಿಯುತ್ತದೆ. ಆದರೆ ಹರಗುವ ಮುಂಚೆ ನೋಡಿ, ಅದರಲ್ಲಿ ಅಣ್ಣೆ, ಹೊನಗೊನ್ನೆ, ಗೋಣಿ ಸೊಪ್ಪು ಇರುತ್ತದೆ. ಗುರುತು ಇರುವವರ ಜೊತೆ ನಿಂತು ಆರಿಸಿಕೊಳ್ಳಿ. ಬೆರಕೆ ಸೊಪ್ಪಿನ ಸಾರು, ರಾಗಿ ಮುದ್ದೆ ವರ್ಷದಲ್ಲಿ ಇಷ್ಟು ರುಚಿಯಾಗಿ ಮತ್ತೆ ಆಗುವುದಿಲ್ಲ.

ಖಾಲಿ ಮಡಿಗೆ ಅಲಸಂದೆ, ಹುರುಳಿ ಅಥವಾ ಸೆಣಬು ಚೆಲ್ಲಿ. ಇವು ಗಾಳಿಗೆ ಹೆದರುವುದಿಲ್ಲ, ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟುತ್ತವೆ, ಮಣ್ಣು ಮುಚ್ಚುತ್ತವೆ. ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿ.

ನುಗ್ಗೆಕಾಯಿ ಮುಗಿದಿದ್ದರೆ ಮರವನ್ನು ಎದೆ ಎತ್ತರಕ್ಕೆ ಕಡಿದುಬಿಡಿ. ಗಾಳಿಗೆ ಮುರಿಯುವುದು ತಪ್ಪುತ್ತದೆ, ಕೈಗೆ ಎಟುಕುವಲ್ಲಿ ಸೊಪ್ಪು ಬರುತ್ತದೆ. ತಾರಸಿ ಗುಡಿಸಿ, ಪೈಪು ತೊಳೆದು, ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಎರಡನೆಯದರಿಂದ ಹಿಡಿಯಿರಿ.

ಗಾಳಿ ಕಾಲ: ಮೃಗಶಿರದಿಂದ ಆಶ್ಲೇಷದ ತನಕ

ಇದು ನಮ್ಮ ಹಿತ್ತಲಿನ ಅತಿ ಕಷ್ಟದ ಕಾಲ. ಬೇಸಿಗೆಯಲ್ಲಾದರೆ ಗಿಡಕ್ಕೆ ನೀರು ಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಈಗ ಮೇಲೆ ಮೋಡ, ನೆಲ ಒದ್ದೆ ಕಾಣುತ್ತದೆ, ಹಾಗಾಗಿ ಯಾರೂ ನೀರು ಕೊಡುವುದಿಲ್ಲ. ಗಾಳಿ ಮಾತ್ರ ಹಗಲೂ ರಾತ್ರಿ ಎಲೆಯಿಂದ ತೇವ ಎಳೆಯುತ್ತಲೇ ಇರುತ್ತದೆ. ತುಂತುರು ಮಳೆ ಒಂದು ಬೆರಳೂ ಇಳಿದಿರುವುದಿಲ್ಲ. ಗಿಡದ ಪಶ್ಚಿಮದ ಮುಖದ ಎಲೆಗಳ ಅಂಚು ಮಾತ್ರ ಕಂದಿದ್ದರೆ ಅದು ರೋಗ ಅಲ್ಲ, ಗಾಳಿ. ವಾರಕ್ಕೊಮ್ಮೆ ಮಣ್ಣು ಬಗೆದು ನೋಡಿ ನೀರು ಕೊಡಿ.

ಗಾಳಿ ತಡೆಯಲು ಗೋಡೆ ಎತ್ತರಿಸುವುದು ಪರಿಹಾರ ಅಲ್ಲ. ಗಟ್ಟಿ ಗೋಡೆಗೆ ಹೊಡೆದ ಗಾಳಿ ಮೇಲೇರಿ ಆ ಕಡೆ ಸುಳಿ ಸುತ್ತಿ ಇಳಿಯುತ್ತದೆ. ಅರ್ಧ ಗಾಳಿ ಒಳಗೆ ಬಿಡುವ ತಡೆ ಒಳ್ಳೆಯದು. ಬೇಸಿಗೆಗೆ ಕಟ್ಟಿದ ಶೇಡ್ ನೆಟ್ ಅನ್ನೇ ನೆಲಕ್ಕೆ ನೆಟ್ಟಗೆ, ಪಶ್ಚಿಮ ಮತ್ತು ನೈಋತ್ಯಕ್ಕೆ ತಿರುಗಿಸಿ ಕಟ್ಟಿ. ಜಾಗ ಇದ್ದರೆ ಎರಡು ಸಾಲು ಜೋಳ ಅಥವಾ ಸಜ್ಜೆ ಒತ್ತಾಗಿ ಬಿತ್ತಿ. ಆಸರೆ ಕೋಲಿಗೆ ಗಿಡ ಕಟ್ಟುವಾಗ ಹಳೆ ಬಟ್ಟೆಯ ಪಟ್ಟಿಯನ್ನು ಕೋಲಿಗೂ ಕಾಂಡಕ್ಕೂ ನಡುವೆ ಒಮ್ಮೆ ತಿರುಚಿ, ಸಡಿಲವಾಗಿ ಕಟ್ಟಿ, ತಂತಿ ಬೇಡ.

ಈ ಕಾಲದ ನಿಜವಾದ ಕೆಲಸ ಸಸಿ ಮಾಡುವುದು. ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜವನ್ನು ಜುಲೈ ನಡುವಿನಿಂದ ಗಾಳಿ ಬಾರದ, ಬೆಳಕಿರುವ ಜಾಗದಲ್ಲಿ ಟ್ರೇಗೆ ಹಾಕಿ. ಟೊಮೆಟೊ 25ರಿಂದ 30 ದಿನಕ್ಕೆ, ಬದನೆ, ಮೆಣಸು 35ರಿಂದ 40 ದಿನಕ್ಕೆ ನಾಟಿಗೆ ಬರುತ್ತವೆ. ಸರಿಯಾಗಿ ಮಘೆ ಮಳೆ ಹೊತ್ತಿಗೆ.

ಸೇವಂತಿಗೆಯ ಬುಡದ ಮರಿಗಳನ್ನು ಬೇರ್ಪಡಿಸಿ ನೆಡುವುದೂ ಈಗಲೇ. ನೆಟ್ಟ ನಾಲ್ಕು ವಾರಕ್ಕೆ ತುದಿ ಚಿವುಟಿ, ಕವಲೊಡೆದ ಮೇಲೆ ಮತ್ತೊಮ್ಮೆ ಚಿವುಟಿ, ಆಗಸ್ಟ್ ನಡುವಿನ ನಂತರ ಚಿವುಟಬೇಡಿ. ಸೇವಂತಿಗೆಗೆ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತದೆ. ಬೀದಿ ದೀಪ, ಗೇಟಿನ ಲೈಟು ರಾತ್ರಿಯಿಡೀ ಬಿದ್ದರೆ ಗಿಡಕ್ಕೆ ರಾತ್ರಿ ಆಗಿದ್ದೇ ತಿಳಿಯುವುದಿಲ್ಲ, ಹಸಿರಾಗಿ ಸೊಂಪಾಗಿ ಬೆಳೆದು ಹೂವೇ ಬಿಡುವುದಿಲ್ಲ. ಮೊದಲ ಹಂತದಲ್ಲಿ ರಾತ್ರಿ ಬೆಳಕು ನೋಡಿ ಅಂದದ್ದು ಇದಕ್ಕೇ. ನಾಟಿ ಅವರೆಯೂ ಹೀಗೆಯೇ. ಜುಲೈ, ಆಗಸ್ಟ್‌ನಲ್ಲಿ ಹಾಕಿದರೂ ಹಗಲು ಕಿರಿದಾಗುವ ತನಕ ಬಳ್ಳಿ ಹಬ್ಬುತ್ತದೆ ಅಷ್ಟೇ, ಹೂ ಆಮೇಲೆ. ಬೇರೆ ಕಾಲದಲ್ಲೂ ಅವರೆ ಬೇಕು ಅನ್ನುವವರು ಹೆಬ್ಬಾಳ ಅವರೆಯಂಥ, ಹಗಲಿನ ಉದ್ದಕ್ಕೆ ಕಾಯದ ತಳಿ ಹುಡುಕಿ.

ನುಗ್ಗೆಗೆ ಕಂಬಳಿಹುಳು ಬರುವ ಹೊತ್ತು ಇದು. ರಾತ್ರಿ ಎಲೆ ತಿಂದು ಹಗಲು ಕಾಂಡದ ಮೇಲೆ ಗುಂಪಾಗಿ ಕೂರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಜೋರು. ಗುಂಪಿದ್ದಾಗಲೇ ಉದ್ದ ಕೋಲಿನ ಪೊರಕೆಯಿಂದ ಸೋಪಿನ ನೀರಿರುವ ಬಕೆಟ್ಟಿಗೆ ಕೆಡವಿ. ನಿಂಬೆ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಥರ ಕಾಣುವುದು ಚಿಟ್ಟೆಯ ಮರಿಹುಳ. ದೊಡ್ಡ ಗಿಡವಾದರೆ ನಾನು ಬಿಟ್ಟುಬಿಡುತ್ತೇನೆ. ಸಣ್ಣ ಸಸಿಯಾದರೆ ತೆಗೆದು ದೊಡ್ಡ ಗಿಡಕ್ಕೆ ಬಿಡಿ.

ದೊಡ್ಡ ಮಳೆ: ಮಘೆಯಿಂದ ಸ್ವಾತಿ ತನಕ

ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು. ಆಗಸ್ಟ್ ನಡುವಿನ ನಂತರ ಗಾಳಿ ತಗ್ಗುತ್ತದೆ. ಸಂಜೆ ಮತ್ತೆ ಗುಡುಗು ಶುರುವಾಗುತ್ತದೆ. ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈ) ಗುಂಪು ಗುಂಪಾಗಿ ಹಿತ್ತಲ ಮೇಲೆ ಹಾರುತ್ತವೆ. ಗಾಳಿ ನಿಂತಿತು, ಮಣ್ಣು ಒಂದು ಗೇಣು ಒದ್ದೆ ಆಯಿತು, ಈ ಎರಡೂ ಸೇರಿದ ದಿನ ನಿಮ್ಮ ನಾಟಿ ಶುರು. ಅದು ಗೌರಿ ಹಬ್ಬಕ್ಕೆ ಮುಂಚೆಯೂ ಆಗಬಹುದು, ಆಮೇಲೂ ಆಗಬಹುದು.

ಈ ಕಾಲವೇ ಯಾಕೆ? ಮಣ್ಣು ಇನ್ನೂ ಬೆಚ್ಚಗಿದೆ, ಮುಂದೆ ಎರಡು ತಿಂಗಳು ಮಳೆ ಇದೆ, ಅದರ ಹಿಂದೆ ತಣ್ಣನೆ ಹವೆ ಇದೆ. ಹೊಸ ಸಸಿಗೆ ಬೇಸಿಗೆ ನೋಡುವ ಮುಂಚೆ ಆರು ತಿಂಗಳು ಬೇರು ಬಿಡಲು ಸಮಯ ಸಿಗುತ್ತದೆ. ಬೇಸಿಗೆಯಲ್ಲಿ ತೋಡಿದ ಗುಂಡಿಗಳಿಗೆ ಮಾವು, ನಿಂಬೆ, ಕರಿಬೇವು ಈಗ ಇಳಿಸಿ. ಟ್ರೇಯ ಸಸಿಗಳನ್ನು ಸಂಜೆ ಹೊತ್ತು ನೆಡಿ. ಹೀರೆ, ಹಾಗಲ, ಪಡವಲ ಚಪ್ಪರಕ್ಕೆ ಹಬ್ಬಿಸಿ. ಸೆಪ್ಟೆಂಬರ್ ಕೊನೆಯಿಂದ ಹದಿನೈದು ದಿನಕ್ಕೊಂದು ಸಾಲು ಮೆಂತ್ಯ, ಪಾಲಕ್, ಮೂಲಂಗಿ, ಕೊತ್ತಂಬರಿ ಹಾಕುತ್ತಾ ಹೋಗಿ, ಎಲ್ಲ ಒಟ್ಟಿಗೆ ಬೇಡ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಮೊಳಕೆಗೆ ವಾರದ ಮೇಲೆ ಬೇಕು, ತಾಳ್ಮೆ ಇರಲಿ. ಮೆಂತ್ಯ ಮೂರು ನಾಲ್ಕು ದಿನಕ್ಕೆ ಏಳುತ್ತದೆ.

ಒದ್ದೆ ಜಾಸ್ತಿ ಆದಾಗ ಬರುವ ತೊಂದರೆಗಳು ಬೇರೆ. ಎಲೆ ಚುಕ್ಕೆ, ಕೊಳೆ, ದಾಳಿಂಬೆಗೆ ದುಂಡಾಣು ಅಂಗಮಾರಿ, ನಿಂಬೆಗೆ ಕಜ್ಜಿ. ಇವೆಲ್ಲ ನೀರಿನ ಹನಿಯ ಜೊತೆ ಎಲೆಯಿಂದ ಎಲೆಗೆ ಹೋಗುತ್ತವೆ. ಹಾಗಾಗಿ ಎಲೆ ಒದ್ದೆ ಇರುವಾಗ ಗಿಡ ಮುಟ್ಟಬೇಡಿ, ಕೊಯ್ಲು, ಕತ್ತರಿಸುವುದು ಬಿಸಿಲು ಬಂದ ಮೇಲೆ ಮಾಡಿ. ಟೊಮೆಟೊ ಗಿಡದ ನೆಲ ಮುಟ್ಟುವ ಎಲೆಗಳನ್ನು ತೆಗೆಯಿರಿ. ಎರೆ ಮಣ್ಣಿನವರು ಮಡಿಯ ಸುತ್ತ ಕಾಲುವೆ ಬಿಡಿಸಿ. ಕುಂಡದ ಕೆಳಗಿನ ತಟ್ಟೆ ತೆಗೆದಿಡಿ, ಸೊಳ್ಳೆಯೂ ತಪ್ಪುತ್ತದೆ. ಬಸವನಹುಳುಗಳಿಗೆ ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಸೇರಿದ್ದನ್ನು ಕೈಗವಸು ಹಾಕಿ ಆರಿಸಿ. ಉಪ್ಪು ಚೆಲ್ಲಬೇಡಿ, ಮಣ್ಣು ಕೆಡುತ್ತದೆ.

ಮಳೆ ಬಿಡುವು ಕೊಟ್ಟಾಗ, ಅಕ್ಟೋಬರ್ ನಡುವೆ, ಗುಲಾಬಿ ಸವರಿ. ಒಣಗಿದ, ಒಳಮುಖವಾಗಿ ಬೆಳೆದ ಕಡ್ಡಿ ತೆಗೆದು, ಉಳಿದದ್ದನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಸ್ವಾತಿ ಮಳೆ ಬಂದರೆ ಮುತ್ತಿನಂಥ ಬೆಳೆ ಅನ್ನುವ ಮಾತಿದೆ, ಆ ಕೊನೆಯ ಮಳೆಯನ್ನು ನೆಲದಲ್ಲಿ ಹಿಡಿದಿಡಲು ಹೊದಿಕೆ ಮತ್ತೆ ಹಾಸಿ.

ಚಳಿ: ತುಳಸಿ ಹಬ್ಬದಿಂದ ಶಿವರಾತ್ರಿ ತನಕ

ಬೆಳಿಗ್ಗೆ ಎಲೆ ಮೇಲೆ ಇಬ್ಬನಿ ಕಂಡಿತು ಅಂದರೆ ನೀರು ಅರ್ಧಕ್ಕೆ ಇಳಿಸಿ. ಸಂಜೆ ನೀರು ನಿಲ್ಲಿಸಿ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಕೊಡಿ. ದಕ್ಷಿಣದ ಗೋಡೆ ನೆರಳಿನಲ್ಲಿ ಸಿಕ್ಕಿಕೊಂಡ ಕುಂಡಗಳನ್ನು ನಾಲ್ಕು ಅಡಿ ಈಚೆಗೆ ಎಳೆಯಿರಿ. ಕರಿಬೇವು ಎಲೆ ಹಳದಿಯಾಗಿ ಉದುರುತ್ತದೆ, ತುಳಸಿ ಸೊರಗುತ್ತದೆ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ, ಅವು ವಿಶ್ರಾಂತಿಯಲ್ಲಿವೆ. ತುಳಸಿಯ ಕದಿರು ಮಾತ್ರ ಚಿವುಟಿ, ಬೀಜ ಉದುರಿಸಿಟ್ಟುಕೊಳ್ಳಿ.

ನವೆಂಬರ್ ಕೊನೆಗೆ ದುಂಡು ಮಲ್ಲಿಗೆಗೆ ನೀರು ತಡೆಯಿರಿ, ಎಲೆ ಉದುರಲಿ, ಆಮೇಲೆ ನೆಲದಿಂದ ಒಂದೂವರೆ ಅಡಿಗೆ ಸವರಿ. ಬುಡ ಬಿಡಿಸಿ, ಗೊಬ್ಬರ ಕೊಟ್ಟು, ನೀರು ಶುರು ಮಾಡಿ. ಹೀಗೆ ಮಾಡಿದರೆ ಮಾರ್ಚ್‌ಗೆ ಮೊಗ್ಗು. ಸವರದೆ ಬಿಟ್ಟರೆ ಬಳ್ಳಿ ಹಬ್ಬುತ್ತದೆ, ಹೂ ಕಡಿಮೆ. ಕಾಯಿ ಬಿಡುವ ವಯಸ್ಸಿನ ಮಾವಿಗೂ ಹೂ ಕಾಣುವ ತನಕ ನೀರು ಬೇಡ. ಹೂ ಬಂದಾಗ ಬೂದಿರೋಗ ಬರಬಹುದು, ಆದರೆ ಹೂ ಅರಳಿರುವಾಗ ಏನನ್ನೂ ಸಿಂಪಡಿಸಬೇಡಿ, ಜೇನು, ನೊಣಗಳು ಬಂದರೇ ಕಾಯಿ.

ಅವರೆ ಕುಡಿಗೆ ಹೇನು ಮುತ್ತುತ್ತದೆ. ಎರಡು ದಿನ ಕಾದು ನೋಡಿ, ಗುಲಗಂಜಿ ಹುಳು ಬಂದಿದ್ದರೆ ಅದೂ ಅದರ ಮರಿಗಳೂ ಹೇನನ್ನು ತಿಂದು ಮುಗಿಸುತ್ತವೆ. ಬಾರದಿದ್ದರೆ ನೀರು ಹೊಡೆದು ತೊಳೆಯಿರಿ.

ಸಂಕ್ರಾಂತಿ ಕಳೆದ ಮೇಲೆ ಬೀಜ ಹಿಡಿಯುವ ಕೆಲಸ. ಪ್ರತಿ ಗಿಡದಲ್ಲಿ ಮೊದಮೊದಲು ಬಂದ ಒಳ್ಳೆಯ ಕಾಯಿಯನ್ನೇ ಬೀಜಕ್ಕೆ ಬಿಡಬೇಕು, ಕೊನೆಗೆ ಉಳಿದ ಸಣಕಲು ಕಾಯಿಯನ್ನಲ್ಲ. ಹೀರೆ, ಬೆಂಡೆ ಬಳ್ಳಿಯಲ್ಲೇ, ಗಿಡದಲ್ಲೇ ಒಣಗಲಿ. ನೆರಳಲ್ಲಿ ಮತ್ತೆ ಒಣಗಿಸಿ, ಒಣ ಬೇವಿನೆಲೆ ಅಥವಾ ಬೂದಿ ಬೆರೆಸಿ, ಹೆಸರು, ಮಳೆ ನಕ್ಷತ್ರ ಬರೆದು ಮುಚ್ಚಳ ಬಿಗಿ ಮಾಡಿ.

ಫೆಬ್ರವರಿಯಲ್ಲಿ ಮಡಿ ಖಾಲಿಯಾದಾಗ, ಗೊಬ್ಬರ ಹಾಕುವ ಮುಂಚೆ, ಮಣ್ಣು ಪರೀಕ್ಷೆ ಮಾಡಿಸಿ. ನಾಲ್ಕೈದು ಕಡೆ ಆರು ಇಂಚು ಆಳಕ್ಕೆ ಅಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದು ಸಮನಾದ ಹೋಳು ತೆಗೆಯಿರಿ. ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಉಳಿಸಿಕೊಳ್ಳಿ. ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಬೋರ್‌ವೆಲ್ ನೀರನ್ನೂ ಒಂದು ಬಾಟಲಿಯಲ್ಲಿ ಜೊತೆಗೆ ಒಯ್ಯಿರಿ, ಮತ್ತು ಆ ವರ್ಷದ ನೋಟ್‌ಬುಕ್ ಕೈಯಲ್ಲಿರಲಿ. ಯಾವ ಮಳೆಗೆ ಯಾವ ಎಲೆ ಹಳದಿಯಾಯಿತು ಅಂತ ತೋರಿಸಿ ಕೇಳಿದರೆ ಅವರಿಗೂ ಸರಿಯಾದ ಉತ್ತರ ಕೊಡಲು ಸುಲಭ.